ಜನವರಿ 6ಕ್ಕೆ ಹುಟ್ಟಿದ ಹದಿನಾಲ್ಕು ಅಪ್ಪಂದಿರು: ಆ್ಯಪ್‌ನಲ್ಲಿ ತಾರೀಕು ಸರಿಯಾಗಿ ಹಾಕಿಸುವುದು ಹೇಗೆ?

ದಾಖಲಾತಿ ಕೌಂಟರ್

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ. ಒಂದು ಶಾಲೆಯ ಆಫೀಸಿನಲ್ಲಿ ದಾಖಲಾತಿ ಕೆಲಸ ನೋಡಿಕೊಳ್ಳುತ್ತೇನೆ. ಎಕ್ಸೆಲ್ ಚೆನ್ನಾಗಿ ಬರುತ್ತದೆ, ಅಷ್ಟೇ ನನ್ನ ಬಂಡವಾಳ.

ಹೋದ ವರ್ಷದವರೆಗೂ ಅರ್ಜಿ ಎಲ್ಲ ಕಾಗದದಲ್ಲಿ. ಸಂಜೆ ಕೂತು ಎಕ್ಸೆಲ್‌ಗೆ ಏರಿಸುತ್ತಿದ್ದೆವು. 2026-27ರ ದಾಖಲಾತಿಗೆ ನಾನೇ, ಕೋಡ್ ಬರೆಯದೆ ಆ್ಯಪ್ ಮಾಡಲು ಬರುವ ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್‌ನಲ್ಲಿ ಒಂದು ಪುಟ್ಟ ಆ್ಯಪ್ ಮಾಡಿದೆ. ಕೌಂಟರ್‌ನಲ್ಲಿ ಮೂರು ಟ್ಯಾಬ್. ಪೋಷಕರು ಎದುರು ಕೂರುತ್ತಾರೆ, ನಮ್ಮ ಹುಡುಗಿಯರು ಕೇಳಿ ಕೇಳಿ ತುಂಬುತ್ತಾರೆ. ಡೇಟಾ ಹೋಗಿ ಮೈಕ್ರೋಸಾಫ್ಟ್‌ನದೇ ಆನ್‌ಲೈನ್ ಪಟ್ಟಿಯಾದ ಶೇರ್‌ಪಾಯಿಂಟ್ ಲಿಸ್ಟ್‌ನಲ್ಲಿ ಕೂರುತ್ತದೆ.

ಹುಟ್ಟಿದ ತಾರೀಕಿಗೆ ಮೊದಲು ಕ್ಯಾಲೆಂಡರ್ ಇಟ್ಟಿದ್ದೆ. ಅಪ್ಪ ಅಮ್ಮನ ತಾರೀಕು ಹಾಕಲು 1985ರವರೆಗೆ ಹಿಂದೆ ಹೋಗುವಷ್ಟರಲ್ಲಿ ಕ್ಯೂ ಗೇಟಿನವರೆಗೆ ಬೆಳೆಯುತ್ತಿತ್ತು. ಮೊದಲ ದಿನ ಮಧ್ಯಾಹ್ನವೇ ಅದನ್ನು ತೆಗೆದು ಸಾದಾ ಟೆಕ್ಸ್ಟ್ ಬಾಕ್ಸ್ ಹಾಕಿ, ಡೇಟ್‌ವ್ಯಾಲ್ಯೂ ಫಂಕ್ಷನ್‌ನಿಂದ ತಾರೀಕು ಮಾಡಿಕೊಂಡೆ.

ನಿನ್ನೆ ಆ್ಯಪ್‌ನಲ್ಲೇ ಪಟ್ಟಿ ತೆಗೆದು ನೋಡಿದರೆ ಹದಿನಾಲ್ಕು ಅಪ್ಪಂದಿರು ಜನವರಿ 6ರಂದು ಹುಟ್ಟಿದ್ದಾರೆ! ವರ್ಷ ಬೇರೆ ಬೇರೆ, ದಿನ ಮಾತ್ರ ಒಂದೇ. ಇಬ್ಬರು ಮಕ್ಕಳಂತೂ ಅರ್ಜಿ ಹಾಕಿದ ದಿನವೇ ಹುಟ್ಟಿದ್ದಾರೆ. ಇದನ್ನು ಹೆಡ್‌ಮಾಸ್ಟರ್ ನೋಡುವ ಮೊದಲು ಸರಿ ಮಾಡಬೇಕು. ಎಲ್ಲಿ ಎಡವಿದೆ?

ಗೆರೆಚುಕ್ಕಿ

ಮೇಡಂ, ಅವರು ಹುಟ್ಟಿದ್ದು ಜನವರಿ 6 ಅಲ್ಲ, ಜೂನ್ 1. ನಿಮ್ಮ ಹುಡುಗಿಯರು 01/06 ಅಂತ ಸರಿಯಾಗಿಯೇ ಹಾಕಿದ್ದಾರೆ. ಟ್ಯಾಬ್ ಅದನ್ನು ಅಮೆರಿಕದವರ ಥರ ಓದಿದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಟ್ಯಾಬ್‌ನ ಭಾಷೆ ಯಾವುದಿದೆ ನೋಡಿ.

ಡೇಟ್‌ವ್ಯಾಲ್ಯೂಗೆ ಬರೀ ಪಠ್ಯ ಕೊಟ್ಟರೆ ಬಳಸುವವರ ಭಾಷೆ ನೋಡಿ ಅದೇ ತೀರ್ಮಾನ ಮಾಡುತ್ತದೆ. ಎರಡನೇ ಜಾಗದಲ್ಲಿ ಭಾಷೆಯನ್ನೂ ಕೊಡಬೇಕು. ಡೇಟ್‌ವ್ಯಾಲ್ಯೂ(ಬಾಕ್ಸಿನ ಪಠ್ಯ, "ಇಎನ್-ಜಿಬಿ") ಅಂತ, ಅಂದರೆ ಬ್ರಿಟನ್ನಿನ ಇಂಗ್ಲಿಷ್ (en-GB). ಆಗ ಯಾವ ಟ್ಯಾಬ್ ಆದರೂ ದಿನ ಮೊದಲು ಅಂತಲೇ ಓದುತ್ತದೆ.

ಇದರಲ್ಲಿ ಹೆದರಬೇಕಾದದ್ದು ಏನು ಗೊತ್ತಾ? ದಿನ 12 ದಾಟಿದ್ದರೆ ತಪ್ಪು ಎದ್ದು ಕಾಣುತ್ತದೆ, 25ನೇ ತಿಂಗಳು ಇಲ್ಲವಲ್ಲ. 12ರ ಒಳಗಿದ್ದರೆ ಸದ್ದೇ ಇಲ್ಲದೆ ಅದಲು ಬದಲಾಗುತ್ತದೆ. ವರ್ಷದಲ್ಲಿ ಅಂಥ ದಿನಗಳು 144. 1/1, 2/2 ಥರದ 12 ದಿನಗಳಿಗೆ ಏನೂ ಆಗುವುದಿಲ್ಲ. ಉಳಿದ 132 ದಿನ ಬೇರೆ ದಿನವಾಗಿ ಕೂರುತ್ತವೆ. ಮೂರು ತಾರೀಕಿಗೆ ಒಂದಕ್ಕಿಂತ ಜಾಸ್ತಿ ಆಯಿತು.

ಸಂಜೆ ಬಸ್

ಜೂನ್ 1 ಅಂದರೆ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ 😄

ದಾಖಲಾತಿ ಕೌಂಟರ್

ಅಯ್ಯೋ ದೇವರೇ. ಎರಡು ಟ್ಯಾಬ್ ಅಮೆರಿಕದ ಇಂಗ್ಲಿಷ್‌ನಲ್ಲಿವೆ, ಒಂದು ಮಾತ್ರ ಇಂಡಿಯಾದ ಇಂಗ್ಲಿಷ್. ಅಂದರೆ ಕೆಲವು ಸರಿ, ಕೆಲವು ತಪ್ಪು. ಇನ್ನೊಂದು ವಿಷಯ ಈಗ ಕೇಳಿ ಗೊತ್ತಾಯಿತು. 25/06 ಹಾಕಿದಾಗ ಆ್ಯಪ್ ತೆಗೆದುಕೊಳ್ಳಲಿಲ್ಲವಂತೆ. "ನಾವೇ 06/25 ಅಂತ ತಿರುಗಿಸಿ ಹಾಕಿದ್ವಿ ಮೇಡಂ, ತಗೊಳ್ತು" ಅಂದರು. ನನಗೆ ಹೇಳಲೇ ಇಲ್ಲ!

ಅರ್ಧ ಚಹಾ

ಅವರನ್ನು ಬೈಯಬೇಡಿ. ಕ್ಯೂ ನಿಂತಿರುವಾಗ ಯಾರಾದರೂ ಅದನ್ನೇ ಮಾಡುತ್ತಾರೆ.

ಹಳೆಯದನ್ನು ಸರಿ ಮಾಡಲು ಒಂದು ದಾರಿ ಇದೆ. ಮೂರು ಟ್ಯಾಬ್‌ಗೆ ಮೂರು ಬೇರೆ ಲಾಗಿನ್ ಇದ್ದರೆ, ಲಿಸ್ಟ್‌ನಲ್ಲಿ "ಕ್ರಿಯೇಟೆಡ್ ಬೈ" ಕಾಲಂ ತೋರಿಸಿಕೊಳ್ಳಿ. ಯಾವ ಅರ್ಜಿ ಯಾವ ಟ್ಯಾಬ್‌ನಿಂದ ಬಂತು ಅಂತ ಗೊತ್ತಾಗುತ್ತದೆ. ಆ ಎರಡು ಟ್ಯಾಬ್‌ನವುಗಳಲ್ಲಿ ದಿನ 12ರ ಒಳಗಿರುವುದನ್ನು ಮಾತ್ರ ಪ್ರಮಾಣಪತ್ರದ ಜೊತೆ ಹೋಲಿಸಿ ನೋಡಿ. ಫಾರ್ಮುಲಾ ಹಾಕಿ ಎಲ್ಲವನ್ನೂ ಒಟ್ಟಿಗೆ ತಿರುಗಿಸಲು ಮಾತ್ರ ಹೋಗಬೇಡಿ, ಸರಿ ಇರುವುದೂ ಕೆಡುತ್ತದೆ.

ಮುಂದಕ್ಕೆ ಇನ್ನೊಂದು ಕಾಲಂ ಇಡಿ. ಟೈಪ್ ಮಾಡಿದ್ದು ಹೇಗಿತ್ತೋ ಹಾಗೇ ಅದರಲ್ಲಿ ಪಠ್ಯವಾಗಿ ಉಳಿಯಲಿ. ನಾಳೆ ಜಗಳ ಬಂದರೆ ಸಾಕ್ಷಿ ಬೇಕಲ್ಲ.

ಶುದ್ಧ ಕೋಡು

ಲೋ-ಕೋಡ್ ಅಂತ ಹೋದರೆ ಇದೇ ಗತಿ. ಎಳೆದು ಬಿಟ್ಟರೆ ಆ್ಯಪ್ ಆಗುತ್ತದೆ ಅಂದುಕೊಳ್ಳುತ್ತಾರೆ. ಸರಿಯಾಗಿ ಪ್ರೋಗ್ರಾಮಿಂಗ್ ಕಲಿತು ಮಾಡಿ.

ಗೆರೆಚುಕ್ಕಿ

ಕಲಿತರೆ ಏನು ಉದ್ಧಾರ ಸ್ವಾಮಿ? ಜಾವಾಸ್ಕ್ರಿಪ್ಟ್‌ನಲ್ಲಿ ಜನವರಿ ಅಂದರೆ ಸೊನ್ನೆ, ಡಿಸೆಂಬರ್ ಅಂದರೆ ಹನ್ನೊಂದು. ಫೆಬ್ರವರಿ 30 ಕೊಟ್ಟರೆ ಸುಮ್ನೆ ಮಾರ್ಚ್‌ಗೆ ದಾಟಿಸುತ್ತದೆ. ಹತ್ತು ವರ್ಷದಿಂದ ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ, ತಾರೀಕು ಬಂದರೆ ಇವತ್ತಿಗೂ ಎದೆ ಡವಡವ.

ಮಲೆನಾಡ ಮಳೆ

ಅರ್ಜಿ ಹಾಕಿದ ದಿನವೇ ಹುಟ್ಟಿದ ಮಕ್ಕಳ ಕಥೆ ನಾನು ಹೇಳುತ್ತೇನೆ. ಅವೆರಡೂ ಮೊದಲ ದಿನ ಬೆಳಿಗ್ಗೆ, ಕ್ಯಾಲೆಂಡರ್ ಇದ್ದಾಗ ಬಂದವು, ಅಲ್ವಾ? ಪವರ್ ಆ್ಯಪ್ಸ್‌ನ ಹಳೆ ಡೇಟ್ ಪಿಕ್ಕರ್ ತಂದು ಇಟ್ಟ ಕೂಡಲೇ ಅದರ ಡಿಫಾಲ್ಟ್ ಡೇಟ್‌ನಲ್ಲಿ ಟುಡೇ ಅಂತಲೇ ಇರುತ್ತದೆ. ಯಾರೂ ಮುಟ್ಟದಿದ್ದರೆ ಇವತ್ತಿನ ತಾರೀಕೇ ಸೇವ್ ಆಗುತ್ತದೆ. ಅದನ್ನು ಅಳಿಸಿ ಬ್ಲ್ಯಾಂಕ್ ಅಂತ ಮಾಡಬೇಕು. ಖಾಲಿ ಇದ್ದರೆ ತುಂಬಿಲ್ಲ ಅಂತ ಗೊತ್ತಾಗುತ್ತದೆ. ಇವತ್ತಿನ ತಾರೀಕು ಇದ್ದರೆ ಯಾರಿಗೆ ಗೊತ್ತಾಗಬೇಕು?

ವರ್ಷ ಹುಡುಕುವ ಕಷ್ಟಕ್ಕೆ ಅದರಲ್ಲೇ ಸ್ಟಾರ್ಟ್ ಇಯರ್, ಎಂಡ್ ಇಯರ್ ಇವೆ. ಮಕ್ಕಳದ್ದಕ್ಕೆ 2018ರಿಂದ 2021 ಅಂತ ಇಟ್ಟರೆ ಮುಗಿಯಿತು. ಟೆಕ್ಸ್ಟ್ ಬಾಕ್ಸ್ ಹಾಕಿದ್ದೇ ಮೊದಲ ತಪ್ಪು. ಕ್ಯಾಲೆಂಡರ್‌ನಲ್ಲಿ ತಪ್ಪು ತಾರೀಕು ಹಾಕಲು ಬರುವುದೇ ಇಲ್ಲ.

ಹುಬ್ಬಳ್ಳಿ ಗಿರ್ಮಿಟ್

ಇಲ್ಲಿ ನನ್ನ ತಕರಾರು ಅದ ನೋಡ್ರಿ. ಕ್ಯಾಲೆಂಡರ್‌ನಲ್ಲಿ "ಇಲ್ಲದ" ತಾರೀಕು ಹಾಕಲು ಬರುವುದಿಲ್ಲ, ಅಷ್ಟೇ. ತಪ್ಪು ತಾರೀಕು ಆರಾಮಾಗಿ ಹಾಕಬಹುದು. 17 ಒತ್ತಲು ಹೋಗಿ ಅದರ ಕೆಳಗಿನ 24 ಒತ್ತಿದರೆ ಯಾರು ಕೇಳುತ್ತಾರೆ? ಟ್ಯಾಬ್‌ನಲ್ಲಿ ಆ ಚೌಕ ಹೆಬ್ಬೆರಳಿಗಿಂತ ಸಣ್ಣದು.

ಕ್ಯಾಲೆಂಡರ್ ಬೇಕಾಗುವುದು ಮುಂದಿನ ವಾರದ ಅಪಾಯಿಂಟ್‌ಮೆಂಟ್‌ಗೆ. ಯಾವ ವಾರ ಅಂತ ಕಣ್ಣಿಗೆ ಕಾಣಬೇಕು, ಆಗ ಸರಿ. ಹುಟ್ಟಿದ ತಾರೀಕು ಮನುಷ್ಯನಿಗೆ ಬಾಯಿಪಾಠ ಇರುತ್ತದೆ. ಅದಕ್ಕೆ ಮೂರು ಡಬ್ಬಿ ಸಾಕು: ದಿನ, ತಿಂಗಳು, ವರ್ಷ. ಬ್ರಿಟನ್ ಸರ್ಕಾರದ ವೆಬ್‌ಸೈಟ್‌ಗಳ ಡಿಸೈನ್ ಮಾರ್ಗಸೂಚಿಯೂ ಹುಟ್ಟಿದ ದಿನದಂಥ ನೆನಪಿರುವ ತಾರೀಕಿಗೆ ಮೂರು ಬೇರೆ ಬೇರೆ ಡಬ್ಬಿಗಳನ್ನೇ ಹೇಳುತ್ತದೆ.

ನಾನಾದರೆ ತಿಂಗಳಿಗೆ ಡ್ರಾಪ್‌ಡೌನ್ ಇಟ್ಟು ಜನವರಿ, ಫೆಬ್ರವರಿ ಅಂತ ಹೆಸರೇ ಬರೆಯುತ್ತೇನೆ. ಹೆಸರು ಬರೆದ ಮೇಲೆ ಜೂನ್ ಹೋಗಿ ಜನವರಿ ಆಗುವ ಪ್ರಶ್ನೆಯೇ ಇಲ್ಲ. ಅಮೆರಿಕ ಇರಲಿ, ಅಂಟಾರ್ಕ್ಟಿಕಾ ಇರಲಿ.

ಮಲೆನಾಡ ಮಳೆ

ಮೂರು ಡಬ್ಬಿ ಅಂದರೆ ಮೂರು ಕಡೆ ತಪ್ಪಾಗಬಹುದು.

ಹುಬ್ಬಳ್ಳಿ ಗಿರ್ಮಿಟ್

ಯಾವ ಡಬ್ಬಿಯಲ್ಲಿ ತಪ್ಪಾಯಿತು ಅಂತ ತೋರಿಸಲೂ ಬರುತ್ತದಲ್ಲ.

ಟೆಸ್ಟರ್ ಅಕ್ಕ

ಇಬ್ಬರೂ ಸ್ವಲ್ಪ ನಿಲ್ಲಿ. ಮೂರು ಡಬ್ಬಿ ನನಗೂ ಇಷ್ಟ. ಆದರೆ ಅದರಲ್ಲಿ ಎರಡು ಹಳ್ಳ ಇವೆ, ಎರಡರಲ್ಲೂ ನಾನು ಬಿದ್ದಿದ್ದೇನೆ.

ಮೂರನ್ನೂ ಸೇರಿಸಲು ಡೇಟ್(ವರ್ಷ, ತಿಂಗಳು, ದಿನ) ಅಂತ ಬರೆಯುತ್ತೀರಿ. ಈ ಫಂಕ್ಷನ್ ತುಂಬಾ ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಅನ್ನುವುದಿಲ್ಲ. 2020, 2, 30 ಕೊಡಿ, "ಓ, ಫೆಬ್ರವರಿ 29ಕ್ಕೆ ಮುಗಿಯಿತು, ಇನ್ನೊಂದು ದಿನ ಮುಂದೆ" ಅಂತ ಮಾರ್ಚ್ 1 ಕೊಡುತ್ತದೆ. ಜೂನ್ 31 ಕೊಟ್ಟರೆ ಜುಲೈ 1. ತಿಂಗಳು 13 ಕೊಟ್ಟರೆ ಮುಂದಿನ ವರ್ಷದ ಜನವರಿ. ಕೆಂಪು ಗೆರೆ ಇಲ್ಲ, ಎರರ್ ಇಲ್ಲ. ಹಾಗಾಗಿ ತಾರೀಕು ಆದ ಮೇಲೆ ವಾಪಸ್ ಕೇಳಬೇಕು: ಇದರ ದಿನ ನಾನು ಕೊಟ್ಟ ದಿನವೇನಾ? ಡೇ(ಬಂದ ತಾರೀಕು) ನಾವು ಕೊಟ್ಟ ದಿನಕ್ಕೆ ಸಮ ಇರದಿದ್ದರೆ ಅಂಥ ತಾರೀಕು ಇಲ್ಲ ಅಂತ ಅರ್ಥ. ತಿಂಗಳು ಡ್ರಾಪ್‌ಡೌನ್‌ನಲ್ಲಿ ಇದ್ದು ದಿನ 1ರಿಂದ 31ರ ಒಳಗಿದ್ದರೆ ಇದೊಂದು ಪರೀಕ್ಷೆ ಸಾಕು. ಯಾವ ತಿಂಗಳಿಗೆ ಎಷ್ಟು ದಿನ, ಯಾವುದು ಅಧಿಕ ವರ್ಷ ಅಂತ ನೀವು ಲೆಕ್ಕ ಹಾಕಬೇಕಿಲ್ಲ.

ಎರಡನೆಯದು ವರ್ಷ. ಅವಸರದಲ್ಲಿ 2020 ಬದಲು ಬರೀ 20 ಹಾಕುತ್ತಾರೆ. 1900ಕ್ಕಿಂತ ಕಡಿಮೆ ವರ್ಷ ಕೊಟ್ಟರೆ ಇದೇ ಫಂಕ್ಷನ್ 1900 ಸೇರಿಸಿಕೊಳ್ಳುತ್ತದೆ. ನಮ್ಮ ಆ್ಯಪ್‌ನಲ್ಲಿ 1920ರಲ್ಲಿ ಹುಟ್ಟಿದ ಹುಡುಗನೊಬ್ಬ ಎಲ್‌ಕೆಜಿ ಸೇರಲು ಬಂದಿದ್ದ. ವರ್ಷಕ್ಕೆ ನಾಲ್ಕು ಅಂಕಿ ಇಲ್ಲದೆ ಮುಂದೆ ಬಿಡಬೇಡಿ.

ಪಿಂಚಣಿ ಪುಟ್ಟಸ್ವಾಮಿ

ಎಕ್ಸೆಲ್‌ದು ಇನ್ನೊಂದು ಥರ. ಎರಡಂಕಿ ಕೊಟ್ಟರೆ 00ರಿಂದ 29 ಎರಡು ಸಾವಿರದ ಲೆಕ್ಕ, 30ರಿಂದ 99 ಸಾವಿರದ ಒಂಬೈನೂರರ ಲೆಕ್ಕ. ನಾನು ಕೆಲಸದಲ್ಲಿದ್ದಾಗ ಒಂದು ಪಟ್ಟಿಯಲ್ಲಿ ಅಜ್ಜ ಒಬ್ಬರು 28 ಅಂತ ಹಾಕಿಸಿದ್ದರು. ಪಿಂಚಣಿ ಪಟ್ಟಿಯಲ್ಲಿ ಇನ್ನೂ ಹುಟ್ಟದ ಮನುಷ್ಯ.

ಅಂದ ಹಾಗೆ ಮೇಷ್ಟ್ರ ಹುಟ್ಟುಹಬ್ಬ ಅಂದರಲ್ಲ, ನಾನೂ ಜೂನ್ 1. ಅವ್ವನನ್ನು ಕೇಳಿದರೆ "ನೀ ಹುಟ್ಟಿದ್ದು ನವರಾತ್ರಿಯಲ್ಲಿ, ಬನ್ನಿ ಮುಡಿಯುವ ಹಿಂದಿನ ರಾತ್ರಿ" ಅನ್ನುತ್ತಿದ್ದಳು. ಸ್ಕೂಲಿಗೆ ಸೇರಿಸಿದ ದಿನ ಮೇಷ್ಟ್ರು ಬಲಗೈ ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ವಯಸ್ಸು ಆಗಿದೆ ಅಂತ ಜೂನ್ 1 ಬರೆದುಕೊಂಡರು. ಅದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಯಿತು, ಅದೇ ಸರ್ವಿಸ್ ಬುಕ್ಕಿಗೆ ಬಂತು.

ಸಂಜೆ ಬಸ್

ನಮ್ಮ ಆಫೀಸಿನಲ್ಲಿ ಜೂನ್ 1ಕ್ಕೆ ಒಂದೇ ಕೇಕ್, ಐದು ಜನ ಚಾಕು ಹಿಡಿಯುತ್ತಾರೆ.

ಪಿಂಚಣಿ ಪುಟ್ಟಸ್ವಾಮಿ

ಅದರಲ್ಲೂ ಒಂದು ತಮಾಷೆ ಇದೆ. ರಾಜ್ಯ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೋಗಬೇಕು. ಹಾಗಾಗಿ ಜೂನ್ 1ರವರೆಲ್ಲ ಮೇ 31ಕ್ಕೆ ಹಾರ ಹಾಕಿಸಿಕೊಳ್ಳುತ್ತೇವೆ. ಮೇಷ್ಟ್ರು 2 ಅಂತ ಬರೆದಿದ್ದರೆ ಇನ್ನೊಂದು ತಿಂಗಳ ಸಂಬಳ ಸಿಗುತ್ತಿತ್ತು ನೋಡಿ!

ಅರ್ಧ ಚಹಾ

ನಮ್ಮಜ್ಜಿಯ ಲೆಕ್ಕ: "ಗಾಂಧಿ ಹೋದ ವರ್ಷ ನನ್ನ ಮದುವೆ, ಆಗ ಹದಿನಾಲ್ಕೋ ಹದಿನೈದೋ." ಇದನ್ನು ಯಾವ ಡಬ್ಬಿಗೆ ಹಾಕುತ್ತೀರಿ?

ಟೆಸ್ಟರ್ ಅಕ್ಕ

ಅದಕ್ಕೂ ಜಾಗ ಬೇಕು, ತಮಾಷೆ ಅಲ್ಲ. "ವರ್ಷ ಮಾತ್ರ ಗೊತ್ತು" ಅಂತ ಒಂದು ಟಿಕ್ ಇಡಿ, ವರ್ಷಕ್ಕೆ ಬೇರೆ ಕಾಲಂ ಇಡಿ. ಅದು ಇಲ್ಲದಿದ್ದರೆ ಜನ ಕ್ಯೂ ಮುಂದೆ ಹೋಗಲಿ ಅಂತ 01/01 ಹಾಕುತ್ತಾರೆ. ಆಮೇಲೆ ನಿಜವಾಗಿ ಜನವರಿ 1ರಂದು ಹುಟ್ಟಿದವರು ಯಾರು, ಗೊತ್ತಿಲ್ಲದವರು ಯಾರು ಅಂತ ಬೇರೆ ಮಾಡಲು ಬ್ರಹ್ಮನಿಗೂ ಆಗುವುದಿಲ್ಲ. ಕಡ್ಡಾಯ ಅಂತ ನಕ್ಷತ್ರ ಹಾಕಿದ ಪ್ರತಿ ಡಬ್ಬಿಯೂ ಒಂದಿಷ್ಟು ಸುಳ್ಳು ಹುಟ್ಟಿಸುತ್ತದೆ.

ಗೆರೆಚುಕ್ಕಿ

ಮೇಡಂ, ಒಂದನೇ ತರಗತಿ ವಯಸ್ಸನ್ನು ಆ್ಯಪ್‌ನಲ್ಲೇ ಲೆಕ್ಕ ಹಾಕುತ್ತಿದ್ದೀರಾ? ಫಾರ್ಮುಲಾ ಏನು?

ದಾಖಲಾತಿ ಕೌಂಟರ್

ಹೌದು. ನಮ್ಮಲ್ಲಿ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಮೊದಲು ಡೇಟ್‌ಡಿಫ್‌ನಲ್ಲಿ ವರ್ಷ ಕೇಳಿದ್ದೆ. ಅದು ಡಿಸೆಂಬರ್‌ನಲ್ಲಿ ಹುಟ್ಟಿದವರಿಗೂ 6 ಅಂತ ತೋರಿಸಿತು. ಆಮೇಲೆ ಯೂಟ್ಯೂಬ್‌ನಲ್ಲಿ ನೋಡಿ, ದಿನ ಎಣಿಸಿ 365.25ರಿಂದ ಭಾಗಿಸಿ ಕೆಳಕ್ಕೆ ರೌಂಡ್ ಮಾಡಿದೆ. ಈಗ ಸರಿ ಇದೆ ಅನ್ನಿಸುತ್ತಿದೆ.

ಗೆರೆಚುಕ್ಕಿ

ಇದೇ ಭಯ ಇತ್ತು. ಡೇಟ್‌ಡಿಫ್ ವರ್ಷ ಕೇಳಿದರೆ ಬರೀ 2026ರಲ್ಲಿ 2020 ಕಳೆಯುತ್ತದೆ, ತಿಂಗಳನ್ನು ನೋಡುವುದಿಲ್ಲ. ಅದನ್ನು ಬಿಟ್ಟಿದ್ದು ಒಳ್ಳೆಯದಾಯಿತು. ಆದರೆ 365.25 ಇನ್ನೂ ನಯವಂಚಕ.

2020ರ ಜೂನ್ 1ರಂದು ಹುಟ್ಟಿದ ಮಗುವನ್ನು ತೆಗೆದುಕೊಳ್ಳಿ. 2026ರ ಜೂನ್ 1ಕ್ಕೆ ಸರಿಯಾಗಿ 6 ವರ್ಷ. ಈಗ ದಿನ ಎಣಿಸಿ. 365ನ್ನು 6ರಿಂದ ಗುಣಿಸಿದರೆ 2190. ನಡುವೆ ಬಂದ ಫೆಬ್ರವರಿ 29 ಒಂದೇ, 2024ರದು. 2020ರದು ಮಗು ಹುಟ್ಟುವ ಮೊದಲೇ ಮುಗಿದಿತ್ತು. ಒಟ್ಟು 2191. ಇದನ್ನು 365.25ರಿಂದ ಭಾಗಿಸಿದರೆ 5.998 ಚಿಲ್ಲರೆ. ಕೆಳಕ್ಕೆ ರೌಂಡ್ ಮಾಡಿದರೆ 5. ಮಗುವಿಗೆ ಸೀಟಿಲ್ಲ!

ಗಡಿಯ ಮೇಲೆ ನಿಂತ ಮಗುವನ್ನೇ ಇದು ಹೊರಗೆ ಹಾಕುತ್ತದೆ. ಭಾಗಾಕಾರ ಬೇಡವೇ ಬೇಡ. ಹುಟ್ಟಿದ ತಾರೀಕಿಗೆ ಡೇಟ್‌ಆ್ಯಡ್‌ನಿಂದ 6 ವರ್ಷ ಸೇರಿಸಿ, ಬಂದದ್ದು 2026ರ ಜೂನ್ 1 ಅಥವಾ ಅದಕ್ಕಿಂತ ಮೊದಲು ಇದೆಯಾ ಅಂತ ಕೇಳಿ. ಬೆರಳು ಮಡಚಿ ಲೆಕ್ಕ ಹಾಕುವವರು ಹೇಗೆ ಮಾಡುತ್ತಾರೋ ಹಾಗೇ.

ದಾಖಲಾತಿ ಕೌಂಟರ್

ಈಗಷ್ಟೇ ಹಾಕಿ ನೋಡಿದೆ. ಒಂದು ಮಗು ಸಿಕ್ಕಿತು!! ನಿನ್ನೆ "ವಯಸ್ಸು ಸಾಲದು" ಅಂತ ವಾಪಸ್ ಕಳಿಸಿದ್ದೆವು. ಅಮ್ಮ ಏನೂ ಹೇಳದೆ ಎದ್ದು ಹೋಗಿದ್ದರು. ಫೋನ್ ಮಾಡುತ್ತಿದ್ದೇನೆ.

ಸಂಜೆ ಬಸ್

ಮೊದಲು ಫೋನ್ ಮಾಡಿ, ಆಮೇಲೆ ಇಲ್ಲಿ ಬರೆಯಿರಿ.

ಹುಬ್ಬಳ್ಳಿ ಗಿರ್ಮಿಟ್

ಇನ್ನೊಂದು ಮಾತು. 6 ವರ್ಷ, ಜೂನ್ 1 ಎರಡನ್ನೂ ಫಾರ್ಮುಲಾ ಒಳಗೆ ಬರೆಯಬೇಡ್ರಿ. 2025-26ಕ್ಕೆ ಆರು ವರ್ಷ ಕಡ್ಡಾಯ ಅಂದವರು ಕೊನೆಯಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಸಾಕು ಅಂತ ಸಡಿಲಿಸಿದ್ದು ನೆನಪಿದೆಯಲ್ಲ? ಆಗ ನಮ್ಮ ಕಡೆ ಒಂದು ಆ್ಯಪ್‌ನಲ್ಲಿ ಏಳು ಜಾಗದಲ್ಲಿ 6 ಅಂತ ಬರೆದಿಟ್ಟಿದ್ದರು. ಆರು ಕಡೆ ಬದಲಾಯಿಸಿ ಏಳನೆಯದು ಮರೆತರು. ಒಂದು ಸಣ್ಣ ಸೆಟ್ಟಿಂಗ್ ಲಿಸ್ಟ್ ಮಾಡಿ, ಅದರಲ್ಲಿ ಕೊನೆ ತಾರೀಕು ಮತ್ತು ಬೇಕಾದ ವಯಸ್ಸು ಇಡಿ. ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಇಟ್ಟರೆ ಇನ್ನೂ ಅನುಕೂಲ: 72, ಇಲ್ಲವೇ 65.

ಬೆಳ್ಳಿ ಅಂಕಿ

ಕನ್ನಡ ಅಂಕಿಯ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮ ಗ್ರಂಥಾಲಯದ ಆ್ಯಪ್‌ನಲ್ಲಿ ಒಬ್ಬ ಹಿರಿಯರು ೧೨-೦೮-೧೯೫೬ ಅಂತ ಹಾಕಿದರು. "ದಯವಿಟ್ಟು ಅಂಕಿಗಳನ್ನು ಬಳಸಿ" ಅಂತ ಆ್ಯಪ್ ಬೈಯಿತು. ಅವರಿಗೆ ಕೋಪ ಬಂದು "ಇವು ಅಂಕಿ ಅಲ್ಲದೆ ಅವರೆಕಾಳಾ?" ಅಂದರು. ನ್ಯಾಯವೇ ಅಲ್ವಾ?

ಸಬ್‌ಸ್ಟಿಟ್ಯೂಟ್ ಹತ್ತು ಸಲ ಹಾಕಿ ೦ಯಿಂದ ೯ರವರೆಗೆ ಎಲ್ಲವನ್ನೂ 0ಯಿಂದ 9 ಮಾಡಿಕೊಂಡೆ. ಆದರೂ ಒಂದು ತಾರೀಕು ಒಳಗೆ ಹೋಗಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂತಿದೆ. ೦ ಮತ್ತು ಂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹನ್ನೊಂದನೇ ಸಬ್‌ಸ್ಟಿಟ್ಯೂಟ್ ಅದಕ್ಕೆ.

ಮಲೆನಾಡ ಮಳೆ

ಕ್ಯಾಲೆಂಡರ್ ಇಟ್ಟಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ. ಸುಮ್ನೆ ಹೇಳಿದೆ.

ಬೆಳ್ಳಿ ಅಂಕಿ

1956ಕ್ಕೆ ಒತ್ತಿ ಒತ್ತಿ ಆ ಹಿರಿಯರ ಬೆರಳು ಸವೆಯುತ್ತಿತ್ತು.

ಬೈಗುಳದ ವಿಷಯ ಬಂತಲ್ಲ, ಎರರ್ ಬರಹಕ್ಕೂ ಸ್ವಲ್ಪ ಮನಸ್ಸು ಕೊಡಿ. "ಅಮಾನ್ಯ ದಿನಾಂಕ" ಅಂತ ಕೆಂಪಕ್ಷರದಲ್ಲಿ ಬಂದರೆ ಯಾರಿಗೆ ಏನು ತಿಳಿಯುತ್ತದೆ? "ಜೂನ್‌ನಲ್ಲಿ 30 ದಿನ ಮಾತ್ರ" ಅನ್ನಿ. "ಈ ತಾರೀಕು ಇನ್ನೂ ಬಂದಿಲ್ಲ" ಅನ್ನಿ. "ವರ್ಷ ನಾಲ್ಕು ಅಂಕಿಯಲ್ಲಿ ಬರೆಯಿರಿ, ಉದಾಹರಣೆಗೆ 2020" ಅನ್ನಿ. ಇನ್ನು ಕೆಲವರು ಸೇವ್ ಬಟನ್‌ಗೆ ಬೂದು ಬಣ್ಣ ಬಳಿದು ಸುಮ್ಮನಿರುತ್ತಾರೆ. ಯಾಕೆ ಒತ್ತಲು ಆಗುತ್ತಿಲ್ಲ ಅಂತ ಹೇಳುವುದಿಲ್ಲ. ಅದಂತೂ ಶುದ್ಧ ಅಹಂಕಾರ.

ಶೀಟ್ ಶೆಟ್ಟಿ

ಗೂಗಲ್‌ನ ಇಂಥದೇ ಸಾಧನ ಆ್ಯಪ್‌ಶೀಟ್ ಬಳಸುವವರಿಗೆ ಒಂದು ಮಾತು. ಅಲ್ಲಿ ಕಾಲಂ ಅನ್ನು ಡೇಟ್ ಅಂತ ಮಾಡಿ "ವ್ಯಾಲಿಡ್ ಇಫ್" ಜಾಗದಲ್ಲಿ ಇವತ್ತಿಗಿಂತ ಮುಂದೆ ಇರಬಾರದು ಅಂತ ಷರತ್ತು ಬರೆಯಬಹುದು. ಅದರ ಪಕ್ಕದಲ್ಲೇ ನಮ್ಮದೇ ಎರರ್ ಬರಹಕ್ಕೂ ಜಾಗ ಇದೆ, ಕನ್ನಡದಲ್ಲೇ ಬರೆದುಕೊಳ್ಳಿ. ಆದರೆ ಹಿಂದೆ ಇರುವ ಗೂಗಲ್ ಶೀಟ್‌ನ ಲೊಕೇಲ್ (ಯಾವ ದೇಶದ ರೂಢಿ ಅನ್ನುವ ಸೆಟ್ಟಿಂಗ್) ಅಮೆರಿಕ ಇದ್ದರೆ ಮತ್ತೆ ಅದೇ ರಾಮಾಯಣ. ಶೀಟ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಇಂಡಿಯಾ ಮಾಡಿ.

ಹಳೆ ಎಕ್ಸೆಲ್ ಫೈಲ್ ಬಂದರೆ ನಾನು ಮೊದಲು ನೋಡುವುದು ತಾರೀಕು ಯಾವ ಕಡೆ ವಾಲಿದೆ ಅಂತ. ನಿಜವಾದ ತಾರೀಕು ಬಲಕ್ಕೆ ಅಂಟಿಕೊಂಡಿರುತ್ತದೆ, ಪಠ್ಯವಾಗಿ ಉಳಿದದ್ದು ಎಡಕ್ಕೆ. ಒಂದೇ ಕಾಲಂನಲ್ಲಿ ಅರ್ಧ ಎಡ, ಅರ್ಧ ಬಲ ಇದ್ದರೆ ಅದಲು ಬದಲಾಗಿದೆ ಅಂತಲೇ ತಿಳಿಯಿರಿ. ಎಡಗಡೆಯವು ಬಚಾವಾದವು. ಬಲಗಡೆಯವನ್ನು ನಂಬಬೇಡಿ.

ಜರ್ಸಿ ಕನ್ನಡಿಗ

ಅಮೆರಿಕದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಇನ್ನೂ ಕೈ ಕೇಳುವುದಿಲ್ಲ. ಬಂದ ಹೊಸದರಲ್ಲಿ ಮಗಳ ಲಸಿಕೆಗೆ 04/05 ಅಂತ ಚೀಟಿ ಕೊಟ್ಟಿದ್ದರು. ಮೇ 4 ಅಂದುಕೊಂಡು ಆರಾಮಾಗಿದ್ದೆ. ಏಪ್ರಿಲ್ 5ಕ್ಕೆ ಫೋನ್ ಬಂತು, ಎಲ್ಲಿದ್ದೀರಿ ಅಂತ. ಈಗ ಎಲ್ಲೇ ಆಗಲಿ ವರ್ಷ-ತಿಂಗಳು-ದಿನ ಅಂತಲೇ ಬರೆಯುತ್ತೇನೆ. ಐಎಸ್‌ಒ 8601 ಅಂತ 1988ರಲ್ಲೇ ನಿಯಮ ಮಾಡಿ ಇಟ್ಟಿದ್ದಾರೆ. ಹೆಂಡತಿ ಹಾಲಿನ ಚೀಟಿಯಲ್ಲೂ ಹಾಗೆ ಬರೆಯುತ್ತೀರಲ್ಲ ಅಂತ ನಗುತ್ತಾಳೆ.

ಅರ್ಧ ಚಹಾ

ನನ್ನ ಸಲಹೆ: ಹಾಕಿದ ತಾರೀಕನ್ನು ಕೆಳಗೆ ದೊಡ್ಡ ಅಕ್ಷರದಲ್ಲಿ, ವಾರದ ಸಮೇತ ತೋರಿಸಿ. "1 ಜೂನ್ 2020, ಸೋಮವಾರ. ಜೂನ್ 1ಕ್ಕೆ 6 ವರ್ಷ 0 ತಿಂಗಳು." ಅದನ್ನು ಪೋಷಕರಿಗೆ ಗಟ್ಟಿಯಾಗಿ ಓದಿ ಹೇಳಲಿ. ತಾರೀಕು ಮರೆತ ಅಮ್ಮನಿಗೂ ಮಗು ಹುಟ್ಟಿದ ವಾರ ಮರೆತಿರುವುದಿಲ್ಲ.

ಗೆರೆಚುಕ್ಕಿ

ಒಳ್ಳೆಯ ಉಪಾಯ, ಆದರೆ ಉದಾಹರಣೆ ಕೈಕೊಟ್ಟಿತು. 2020ರ ಜನವರಿ 6 ಕೂಡ ಸೋಮವಾರವೇ 😀 ಅಧಿಕ ವರ್ಷದಲ್ಲಿ ಅವೆರಡರ ನಡುವೆ 147 ದಿನ, ಸರಿಯಾಗಿ 21 ವಾರ.

ಅರ್ಧ ಚಹಾ

ನಿಮ್ಮಂಥವರಿಂದಲೇ ಮಳೆ ಬೆಳೆ ಸ್ವಾಮಿ. ಹೋಗಲಿ, ತಿಂಗಳ ಹೆಸರು ಓದಿದರೂ ಸಾಕು.

ಟೆಸ್ಟರ್ ಅಕ್ಕ

ಓದಿ ಹೇಳುವುದನ್ನು ಬಿಡಬೇಡಿ. ಯಾವ ಫಾರ್ಮುಲಾಗೂ ಸಿಗದ ತಪ್ಪು ಒಂದಿದೆ. ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ತಾರೀಕು ಇರುತ್ತದೆ, ನೋಂದಣಿ ತಾರೀಕು ಇರುತ್ತದೆ, ಪತ್ರ ಕೊಟ್ಟ ತಾರೀಕೂ ಇರುತ್ತದೆ. ಕಣ್ಣು ಒಂದು ಸಾಲು ಜಾರಿದರೆ ನೋಂದಣಿ ತಾರೀಕೇ ಹುಟ್ಟಿದ ತಾರೀಕಾಗುತ್ತದೆ. ಜನನವನ್ನು 21 ದಿನದ ಒಳಗೆ ತಿಳಿಸಬೇಕು ಅಂತ ಕಾನೂನು ಇರುವುದರಿಂದ ವ್ಯತ್ಯಾಸ ಕೆಲವೇ ದಿನ. ವಯಸ್ಸು ಸರಿ ಇರುತ್ತದೆ, ವರ್ಷ ಸರಿ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹತ್ತನೇ ತರಗತಿಗೆ ಬಂದಾಗ ಆಧಾರ್‌ಗೆ ಹೊಂದುತ್ತಿಲ್ಲ ಅಂತ ಓಡಾಟ ಶುರು. ಅದನ್ನು ಹಿಡಿಯುವುದು ಎದುರಿಗೆ ಕೂತ ಅಮ್ಮ ಮಾತ್ರ.

ಶೀಟ್ ಶೆಟ್ಟಿ

ಆ್ಯಪ್‌ನಲ್ಲಿ ಎಲ್ಲ ಪರೀಕ್ಷೆ ಇಟ್ಟರೂ ಯಾರಾದರೂ ನೇರವಾಗಿ ಶೇರ್‌ಪಾಯಿಂಟ್ ಲಿಸ್ಟ್ ತೆರೆದು ಗ್ರಿಡ್‌ನಲ್ಲಿ ತಿದ್ದಬಹುದು. ಬಾಗಿಲಲ್ಲಿ ಕಾವಲು ಇಟ್ಟು ತಿಜೋರಿಗೆ ಬೀಗ ಹಾಕದ ಹಾಗೆ. ಲಿಸ್ಟ್‌ನ ಕಾಲಂ ಸೆಟ್ಟಿಂಗ್ಸ್‌ನಲ್ಲೇ ವ್ಯಾಲಿಡೇಶನ್ ಫಾರ್ಮುಲಾ ಹಾಕಲು ಬರುತ್ತದೆ. ವರ್ಷ ಇಷ್ಟರಿಂದ ಇಷ್ಟರ ಒಳಗೆ ಅನ್ನುವ ಮಿತಿಯಾದರೂ ಅಲ್ಲೂ ಇರಲಿ.

ದಾಖಲಾತಿ ಕೌಂಟರ್

ಎಲ್ಲರ ಮಾತು ಕೇಳಿ ಮೂರು ಡಬ್ಬಿ ಮಾಡಿದೆ. ತಿಂಗಳಿಗೆ ಕನ್ನಡ ಹೆಸರಿನ ಡ್ರಾಪ್‌ಡೌನ್. ಹಳೆಯ ಅರ್ಜಿಗಳನ್ನೂ ಪ್ರಮಾಣಪತ್ರ ನೋಡಿ ತಿದ್ದಿದೆವು. ಶೆಟ್ರು ಹೇಳಿದ ಫಾರ್ಮುಲಾ ಹಾಕೋಣ ಅಂತ ಲಿಸ್ಟ್ ತೆರೆದೆ. ಈಗ ಆ ಹದಿನಾಲ್ಕೂ ಅಪ್ಪಂದಿರು ಮೇ 31ರಂದು ಹುಟ್ಟಿದ್ದಾರೆ!! ಆ್ಯಪ್‌ನಲ್ಲಿ ಜೂನ್ 1 ಇದೆ, ಲಿಸ್ಟ್‌ನಲ್ಲಿ ಮೇ 31. ತಲೆ ತಿರುಗುತ್ತಿದೆ.

ಪಿಂಚಣಿ ಪುಟ್ಟಸ್ವಾಮಿ

ಎಲ್ಲರೂ ನಿವೃತ್ತರಾದರು ಬಿಡಿ. ಹಾರ ತರಿಸಿ.

ಗೆರೆಚುಕ್ಕಿ

ಹೆದರಬೇಡಿ, ಡೇಟಾ ಕೆಟ್ಟಿಲ್ಲ. ಶೇರ್‌ಪಾಯಿಂಟ್ ಒಳಗೆ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಲೆಕ್ಕದಲ್ಲಿ, ಇಡುತ್ತದೆ. ನಮ್ಮ ಜೂನ್ 1ರ ನಡುರಾತ್ರಿ 12 ಅಂದರೆ ಯುಟಿಸಿಯಲ್ಲಿ ಮೇ 31ರ ಸಂಜೆ ಆರೂವರೆ. ಆ್ಯಪ್ ಟ್ಯಾಬ್‌ನ ಗಡಿಯಾರ ನೋಡಿ ಐದೂವರೆ ಗಂಟೆ ವಾಪಸ್ ಸೇರಿಸಿಕೊಳ್ಳುತ್ತದೆ. ಲಿಸ್ಟ್ ನೋಡುವುದು ಸೈಟ್‌ನ ಟೈಮ್ ಝೋನ್. ಅದು ಅಮೆರಿಕದ ಪೆಸಿಫಿಕ್‌ನಲ್ಲೇ ಉಳಿದಿರಬೇಕು, ಯಾರೂ ಮುಟ್ಟಿರುವುದಿಲ್ಲ. ಅಲ್ಲಿ ಅದು ಮೇ 31ರ ಬೆಳಿಗ್ಗೆ ಹನ್ನೊಂದೂವರೆ.

ಸೈಟ್ ಸೆಟ್ಟಿಂಗ್ಸ್, ರೀಜನಲ್ ಸೆಟ್ಟಿಂಗ್ಸ್, ಅಲ್ಲಿ +5:30 ಆರಿಸಿ. ಅಲ್ಲೇ ಲೊಕೇಲ್ ಕೂಡ ಇಂಡಿಯಾ ಮಾಡಿಬಿಡಿ. ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಅಂತ ಇರುತ್ತದೆ.

ಸಂಜೆ ಬಸ್

ಬೆಂಗಳೂರು ಇಲ್ವಾ? ಅರ್ಧ ಸಾಫ್ಟ್‌ವೇರ್ ಇಲ್ಲೇ ಬರೆಯುತ್ತಾರೆ!

ಗೆರೆಚುಕ್ಕಿ

ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ, ಬರುತ್ತದೆ.

ದಾಖಲಾತಿ ಕೌಂಟರ್

ಬದಲಾಯಿಸಿದೆ. ಜೂನ್ 1 ಬಂತು. ಹದಿನಾಲ್ಕೂ ಜನ.

ಆ ಮಗುವಿನ ಅಮ್ಮ ಈಗ ಬಂದು ಹೋದರು. ಹೊಸ ಪರದೆಯಲ್ಲಿ ತಾರೀಕು ಓದಿ ಹೇಳಿದೆವು: "1 ಜೂನ್ 2020, ಸೋಮವಾರ, 6 ವರ್ಷ 0 ತಿಂಗಳು." ಅವರು "ಹೌದು ಮೇಡಂ, ಲಾಕ್‌ಡೌನ್, ಆಟೋ ಸಿಗದೆ ಹಾಲಿನ ವ್ಯಾನ್‌ನಲ್ಲಿ ಆಸ್ಪತ್ರೆಗೆ ಹೋಗಿದ್ವಿ" ಅಂದರು. ಅಪ್ಪನ ತಾರೀಕು ಕೇಳಿದೆ. "ಅವರದ್ದೂ ಜೂನ್ ಒಂದೇ. ಆದರೆ ಅದು ಸ್ಕೂಲಿನದ್ದು" ಅಂತ ನಕ್ಕರು.

ಹುಬ್ಬಳ್ಳಿ ಗಿರ್ಮಿಟ್

ಸೀಟು ಸಿಕ್ಕಿತಲ್ರೀ?

ದಾಖಲಾತಿ ಕೌಂಟರ್

ಸಿಕ್ಕಿತು. ಹುಡುಗಿಯರು ಈಗ ಕೇಳುತ್ತಿದ್ದಾರೆ, ಅಪ್ಪನಿಗೂ "ವರ್ಷ ಮಾತ್ರ ಗೊತ್ತು" ಟಿಕ್ ಹಾಕಬೇಕಾ, ಜೂನ್ 1 ಅಂತಲೇ ಬಿಡಬೇಕಾ?

ಪಿಂಚಣಿ ಪುಟ್ಟಸ್ವಾಮಿ

ಅಂಕಪಟ್ಟಿಯಲ್ಲಿ ಏನಿದೆಯೋ ಅದೇ ಹಾಕಿ ತಾಯಿ. ಮೇಷ್ಟ್ರು ಬರೆದದ್ದನ್ನು ತಿದ್ದಿಸಲು ಹೋದವರ ಕಥೆ ಬೇರೆ ಇದೆ, ಇನ್ನೊಂದು ದಿನ ಹೇಳುತ್ತೇನೆ.